ಚೆಂಡು ಮರೆಮಾಡಿ ಸರ್ವ್ ಮಾಡುವುದನ್ನು ನಾವೂ ಮಕ್ಕಳಿಗೆ ಕಲಿಸಬೇಕೇ?

ಚರ್ಚೆ ಆರಂಭಿಸಿದವರು: ತರಬೇತುದಾರ, ಟಿಳಕವಾಡಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಟೇಬಲ್ ಹಾಕಿಕೊಂಡು ಹದಿನಾರು ಮಕ್ಕಳಿಗೆ ಟೇಬಲ್ ಟೆನಿಸ್ ಹೇಳಿಕೊಡುತ್ತಿದ್ದೇನೆ. ಕಳೆದ ತಿಂಗಳು ನಡೆದ ಒಂದು ಪಂದ್ಯ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದನ್ನು ನಿಮ್ಮ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂದು ಬರೆಯುತ್ತಿದ್ದೇನೆ. ಪಂದ್ಯಾವಳಿ ಯಾವುದು, ಎದುರಾಳಿ ಮಗು ಯಾರು, ಆ ಮಗುವಿನ ಕೋಚ್ ಯಾರು ಎಂಬುದನ್ನು ದಯವಿಟ್ಟು ಯಾರೂ ಕೇಳಬಾರದು. ಹನ್ನೆರಡು ವರ್ಷದ ಹುಡುಗಿಯನ್ನು ದೂರುವುದು ನನ್ನ ಉದ್ದೇಶವಲ್ಲ.

13 ವರ್ಷದೊಳಗಿನ ಬಾಲಕಿಯರ ವಿಭಾಗದಲ್ಲಿ ನಮ್ಮ ಹುಡುಗಿ ಐದನೆಯ ಗೇಮ್‌ನಲ್ಲಿ 9–9ರಲ್ಲಿದ್ದಳು. ಎದುರಾಳಿ ಹುಡುಗಿ ಚೆಂಡನ್ನು ಎಸೆದ ಮೇಲೂ ಎಡಗೈಯನ್ನು ಮಡಚಿ ಎದೆಯ ಮುಂದೆಯೇ ಇಟ್ಟುಕೊಳ್ಳುತ್ತಿದ್ದಳು. ಬ್ಯಾಟು ಚೆಂಡಿಗೆ ತಾಗುವ ಕ್ಷಣ ಆ ಕೈಯ ಹಿಂದೆ ಅಡಗಿಹೋಗುತ್ತಿತ್ತು. ಬದಿಯಲ್ಲಿ ಕುಳಿತಿದ್ದ ನನಗೆ ಎಲ್ಲವೂ ಕಾಣುತ್ತಿತ್ತು, ಟೇಬಲ್ಲಿನ ಆಚೆ ತುದಿಯಲ್ಲಿ ನಿಂತ ನಮ್ಮ ಹುಡುಗಿಗೆ ಮಾತ್ರ ಕಾಣುತ್ತಿರಲಿಲ್ಲ. ಅಂಪೈರ್ ಕುರ್ಚಿಯಲ್ಲಿ, ಹಿಂದಿನ ಪಂದ್ಯದಲ್ಲಿ ಸೋತಿದ್ದ ಹುಡುಗನೊಬ್ಬನನ್ನು ಕೂರಿಸಿದ್ದರು. ಆತನ ಗಮನವೆಲ್ಲ ಅಂಕದ ಹಾಳೆ ತಿರುಗಿಸುವುದರಲ್ಲೇ ಇತ್ತು, ಸರ್ವ್ ಆಗುವಾಗ ಅವನು ತಲೆ ಎತ್ತಿದ್ದನ್ನು ನಾನು ಕಾಣಲಿಲ್ಲ. 9–9ಕ್ಕೆ ಟವೆಲ್‌ಗೆಂದು ಬಂದಾಗ ನಮ್ಮ ಹುಡುಗಿ "ಸರ್, ಬ್ಯಾಟ್ ಚೆಂಡಿಗೆ ಎಲ್ಲಿ ಬಡೀತೈತಿ ಅನ್ನೋದ ಕಾಣವಲ್ದ್ರೀ" ಎಂದಳು. ಎದುರಾಳಿಯ ಮುಂದಿನ ಎರಡೂ ಸರ್ವ್‌ಗಳನ್ನು ಆಕೆ ನೆಟ್‌ಗೆ ಹಾಕಿದಳು. 11–9, ಪಂದ್ಯ ಮುಗಿಯಿತು.

ಮರಳಿ ಬರುವಾಗ ಬಸ್ಸಿನಲ್ಲಿ ಹುಡುಗಿಯ ತಂದೆ ನನ್ನ ಪಕ್ಕದ ಸೀಟಿಗೆ ಬಂದು ಕುಳಿತು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು: "ಸರ್, ಅವರು ಕಲಿಸ್ಯಾರ, ನೀವೂ ಕಲಸ್ರಿ. ಅಂಪೈರ್ ಹಿಡದಾಗ ಬಿಟ್ರಾತು." ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವಿತ್ತು. ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ.

ಹೊಸ ಪೋಷಕರಿಗಾಗಿ ನಿಯಮವನ್ನು ಹೇಳಿಬಿಡುತ್ತೇನೆ. ಸರ್ವ್ ಮಾಡುವವರು ಚೆಂಡನ್ನು ತೆರೆದ ಅಂಗೈ ಮೇಲೆ ನಿಶ್ಚಲವಾಗಿ ಇಟ್ಟುಕೊಂಡು, ತಿರುಗುವಿಕೆ ಕೊಡದೆ, ಬಹುತೇಕ ನೆಟ್ಟಗೆ ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಎಸೆದು, ಅದು ಕೆಳಗೆ ಬೀಳುತ್ತಿರುವಾಗ ಹೊಡೆಯಬೇಕು. ಆರಂಭದಿಂದ ಹೊಡೆಯುವವರೆಗೂ ಚೆಂಡು ಟೇಬಲ್ಲಿನ ಮಟ್ಟಕ್ಕಿಂತ ಮೇಲೆ, ತಮ್ಮ ತುದಿಗೆರೆಯ ಹಿಂದೆ ಇರಬೇಕು. ಮೈಯಿಂದಾಗಲಿ ಬಟ್ಟೆಯಿಂದಾಗಲಿ ಅದನ್ನು ಎದುರಾಳಿಗೆ ಮರೆಮಾಡುವಂತಿಲ್ಲ; ಚೆಂಡು ಎಸೆದ ಕೂಡಲೇ ಖಾಲಿ ಕೈಯನ್ನು ಚೆಂಡು ಮತ್ತು ನೆಟ್ ನಡುವಿನ ಜಾಗದಿಂದ ತೆಗೆಯಬೇಕು. ಮರೆಮಾಡಿದರೆ ಆಗುವ ನಷ್ಟವೇನೆಂದು ಆಡದವರಿಗೆ ತಿಳಿಯುವುದು ಕಷ್ಟ. ಚೆಂಡಿನ ತೂಕ ಕೇವಲ 2.7 ಗ್ರಾಂ, ರಬ್ಬರ್ ಅದನ್ನು ಕೆಳಗಿನಿಂದ ಸವರಿದರೆ ಒಂದು ಬಗೆಯ ತಿರುಗುವಿಕೆ, ಬದಿಯಿಂದ ಸವರಿದರೆ ಇನ್ನೊಂದು, ಸುಮ್ಮನೆ ತಳ್ಳಿದರೆ ತಿರುಗುವಿಕೆಯೇ ಇಲ್ಲ. ಯಾವುದು ಬಂತೆಂದು ಓದುವುದಕ್ಕೆ ಎದುರಾಳಿಗೆ ಸಿಗುವ ಮುಖ್ಯ ಸುಳಿವು ಆ ತಾಗುವ ಕ್ಷಣವೇ. ಅದನ್ನು ಮುಚ್ಚಿದರೆ ಉಳಿಯುವುದು ಊಹೆ.

ನನ್ನ ಪ್ರಶ್ನೆ ಇಷ್ಟು. ಸ್ಥಳೀಯ ಪಂದ್ಯಗಳಲ್ಲಿ ಇದನ್ನು ಹಿಡಿಯುವವರು ಇಲ್ಲದಿರುವಾಗ, ನಿಯಮದಂತೆ ಸರ್ವ್ ಮಾಡುವುದನ್ನಷ್ಟೇ ಕಲಿಸುವ ನಾನು ನನ್ನ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇನೆಯೇ?


ಪೋಷಕಿ, ನವನಗರ, ಬಾಗಲಕೋಟೆ

ನಮಸ್ಕಾರ ಸರ್. ಆ ತಂದೆಯ ಮಾತನ್ನು ತಪ್ಪೆಂದು ಹೇಳಲು ನನಗೆ ಮನಸ್ಸಾಗುತ್ತಿಲ್ಲ. ನನ್ನ ಮಗ 11 ವರ್ಷದೊಳಗಿನ ವಿಭಾಗದಲ್ಲಿ ಆಡುತ್ತಾನೆ. ರಾಜ್ಯ ಮಟ್ಟದ ಪಂದ್ಯವೆಂದರೆ ನಾವು ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರಿಗೆ ಹೋಗುತ್ತೇವೆ, ಮಗುವಿನ ಶಾಲೆ ಎರಡು ದಿನ ತಪ್ಪುತ್ತದೆ, ನನ್ನ ರಜೆ ಮುಗಿಯುತ್ತದೆ, ಮತ್ತು ಕೆಲವೊಮ್ಮೆ ಎಲ್ಲವೂ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ನ್ಯಾಯವಾಗಿ ಸೋತರೆ ಮಗು ಎರಡು ದಿನ ಮಂಕಾಗಿದ್ದು ಮತ್ತೆ ಆಡುತ್ತದೆ. ಆದರೆ ಕಾಣದ ಸರ್ವ್‌ಗೆ ಸೋತಾಗ, "ಅಮ್ಮಾ, ಸರ್ ಹೇಳಿದ್ದನ್ನೇ ಮಾಡಿದೆ, ಆದರೂ ಯಾಕೆ ಸೋತೆ?" ಎಂದು ಕೇಳುತ್ತದೆ. ಅದಕ್ಕೆ ನಾನೇನು ಹೇಳಲಿ? ನಿಯಮ ಪಾಲಿಸುವ ಹೊರೆಯನ್ನು ಮಕ್ಕಳ ಮೇಲೆ ಮಾತ್ರ ಹೊರಿಸಿ, ನಿಯಮ ನೋಡಿಕೊಳ್ಳುವ ಕೆಲಸವನ್ನು ದೊಡ್ಡವರು ಯಾರೂ ಮಾಡದಿದ್ದರೆ ಅದು ಸರಿಯೇ?

ಇನ್ನೊಂದು ವಿಷಯವನ್ನೂ ತಿಳಿದವರು ಹೇಳಬೇಕು. ಕಳೆದ ಸಲ ಎದುರಾಳಿ ಮಗುವಿನ ಕೋಚ್ ಪ್ರತಿ ಅಂಕದ ನಂತರವೂ ಎಲ್ಲಿ ಸರ್ವ್ ಮಾಡಬೇಕೆಂದು ಬೆರಳಿನಲ್ಲಿ ತೋರಿಸುತ್ತಿದ್ದರು. ಇದಕ್ಕೆ ಅವಕಾಶವಿದೆಯೇ?


ಹಳೆಯ ಆಟಗಾರ, ವಿಜಯಪುರ

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅವಕಾಶವಿದೆ. ಹಿಂದೆ ಗೇಮ್‌ಗಳ ನಡುವಿನ ವಿರಾಮದಲ್ಲಿ ಮತ್ತು ಟೈಮ್ ಔಟ್‌ನಲ್ಲಿ ಮಾತ್ರ ಸಲಹೆ ಕೊಡಬಹುದಿತ್ತು. 2016ರ ಅಕ್ಟೋಬರ್‌ನಿಂದ ಅಂತರರಾಷ್ಟ್ರೀಯ ನಿಯಮ ಬದಲಾಗಿದೆ. ಚೆಂಡು ಆಟದಲ್ಲಿರುವಾಗ ಬಿಟ್ಟು ಉಳಿದ ಯಾವ ಹೊತ್ತಿನಲ್ಲಾದರೂ, ಆಟಕ್ಕೆ ವಿಳಂಬವಾಗದಂತೆ ಸಲಹೆ ಕೊಡಬಹುದು. ವೈಯಕ್ತಿಕ ಪಂದ್ಯದಲ್ಲಿ ಒಬ್ಬರು ಮಾತ್ರ, ಮುಂಚೆಯೇ ಗೊತ್ತುಪಡಿಸಿದವರು ಮಾತ್ರ ಕೊಡಬೇಕು. ಆದರೆ ಹತ್ತು ವರ್ಷದ ಮಗು ಪ್ರತಿ ಅಂಕಕ್ಕೂ ಬೆಂಚಿನ ಕಡೆ ಕತ್ತು ತಿರುಗಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆಟ ಓದುವುದನ್ನು ಆ ಮಗು ಯಾವಾಗ ಕಲಿಯುತ್ತದೆ?

ಈಗ ಸರ್ವ್ ವಿಷಯಕ್ಕೆ ಬರುತ್ತೇನೆ. ನಾನು 1990ರ ದಶಕದಲ್ಲಿ ಆಡಿದವನು. ಆಗ ಚೆಂಡು 38 ಮಿಲಿಮೀಟರ್, ಗೇಮ್ 21 ಅಂಕದ್ದು, ಒಬ್ಬೊಬ್ಬರಿಗೆ ಐದೈದು ಸರ್ವ್. ಚೆಂಡು ತಾಗುವುದನ್ನು ಮೈಯ ಹಿಂದೆ ಅಡಗಿಸುವುದು ಆಗ ನಿಯಮಕ್ಕೆ ವಿರುದ್ಧವಾಗಿರಲಿಲ್ಲ, ನಾವು ಅದನ್ನೇ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದೆವು. ಬಿಸಿಲಿನ ದಿನಗಳಲ್ಲಿ, ಚೆಂಡು ಗಾಳಿಗೆ ಸರಿಯುತ್ತದೆಂದು ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ, ನಮ್ಮೂರಿನ ಧೂಳಿಗೆ ಎರಡು ಅಂಕಕ್ಕೊಮ್ಮೆ ರಬ್ಬರನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತ ಆಡುತ್ತಿದ್ದೆವು. 2000ದಲ್ಲಿ ಚೆಂಡು 40 ಮಿಲಿಮೀಟರ್ ಆಯಿತು, 2001ರಲ್ಲಿ ಗೇಮ್ 11 ಅಂಕಕ್ಕೆ ಇಳಿಯಿತು, 2002ರಲ್ಲಿ ಸರ್ವ್ ಮರೆಮಾಡುವುದನ್ನು ನಿಷೇಧಿಸಿದರು. ಹತ್ತು ವರ್ಷ ಕೂಡಿಸಿಟ್ಟ ಗಂಟು ಒಂದೇ ದಿನದಲ್ಲಿ ಕೈಬಿಟ್ಟಂತಾಯಿತು.

ಆದರೂ ಆ ನಿಯಮ ಸರಿಯೆಂದು ನನಗೆ ಆಗಲೇ ತಿಳಿದಿತ್ತು. ಅದಕ್ಕೂ ಮೊದಲು ಬ್ಯಾಟಿನ ಎರಡೂ ಬದಿಗೆ ಒಂದೇ ಬಣ್ಣದ, ಆದರೆ ಗುಣದಲ್ಲಿ ಬೇರೆಬೇರೆಯಾದ ರಬ್ಬರ್ ಹಚ್ಚಿ, ಆಟದ ನಡುವೆ ಬ್ಯಾಟು ತಿರುಗಿಸಿ ಎದುರಾಳಿಯನ್ನು ಗೊಂದಲಕ್ಕೆ ಕೆಡವುತ್ತಿದ್ದ ಕಾಲವಿತ್ತು. 1980ರ ದಶಕದಲ್ಲಿ ಎರಡು ಬಣ್ಣ ಕಡ್ಡಾಯವಾಯಿತು. ಒಂದು ಬದಿ ಕಪ್ಪು, ಇನ್ನೊಂದು ಕೆಂಪು. 2021ರಿಂದ ಕೆಂಪಿನ ಬದಲು ಬೇರೆ ಕೆಲವು ಬಣ್ಣಗಳೂ ನಡೆಯುತ್ತವೆ, ಆದರೆ ಒಂದು ಬದಿ ಕಪ್ಪಾಗಿಯೇ ಇರಬೇಕು. ಈ ಎರಡೂ ನಿಯಮಗಳ ಹಿಂದಿರುವ ವಿಚಾರ ಒಂದೇ: ನಾನೇನು ಮಾಡುತ್ತಿದ್ದೇನೆ ಎಂಬುದು ಎದುರಾಳಿಗೆ ಕಾಣಬೇಕು. ಕಂಡೂ ಆತ ಓದಲಾರದಂತೆ ಮಾಡಿದರೆ ಅದು ನನ್ನ ವಿದ್ಯೆ. ಒಂದೇ ಬೀಸಿನಲ್ಲಿ, ಮಣಿಕಟ್ಟಿನ ಕೂದಲೆಳೆಯಷ್ಟು ವ್ಯತ್ಯಾಸದಿಂದ ಒಮ್ಮೆ ಭಾರೀ ಬ್ಯಾಕ್‌ಸ್ಪಿನ್, ಇನ್ನೊಮ್ಮೆ ತಿರುಗುವಿಕೆಯಿಲ್ಲದ ಬರಿ ಚೆಂಡು ಕೊಡುವುದನ್ನು ಕಲಿಯಲು ವರ್ಷಗಳು ಬೇಕು. ಕೈ ಅಡ್ಡ ಇಡುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಬೆಳಗಾವಿಯ ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಮರೆಮಾಡುವುದನ್ನು ಕಲಿತ ಮಗು ಮೊದಲನೆಯದನ್ನು ಕಲಿಯುವುದೇ ಇಲ್ಲ, ಮುಂದೆ ಅರ್ಹ ಅಂಪೈರ್ ಇರುವ ಪಂದ್ಯಕ್ಕೆ ಹೋದ ದಿನ ಅದರ ಕೈಯಲ್ಲಿ ಸರ್ವ್ ಇರುವುದಿಲ್ಲ.

21 ಅಂಕದ ಕಾಲಕ್ಕಿಂತ ಈಗ ಈ ಅನ್ಯಾಯದ ಪೆಟ್ಟು ಹೆಚ್ಚು ಎಂಬುದನ್ನೂ ನೆನಪಿಡಬೇಕು. 11 ಅಂಕದ ಗೇಮ್‌ನಲ್ಲಿ ಎರಡು ಅಂಕ ಕದ್ದರೆ ಹೆಚ್ಚುಕಡಿಮೆ ಗೇಮನ್ನೇ ಕದ್ದಂತೆ.


ಅಂಪೈರ್, ಬೆಳಗಾವಿ

ಪೋಷಕಿಯವರ ಆಕ್ಷೇಪ ನ್ಯಾಯವಾದದ್ದು, ಅದು ನಮ್ಮಂಥವರಿಗೇ ಸಲ್ಲಬೇಕು. ಒಂದು ಹಾಲ್‌ನಲ್ಲಿ ಎಂಟು ಟೇಬಲ್ ಹಾಕಿ, ಇಬ್ಬರೋ ಮೂವರೋ ಅಂಪೈರ್‌ಗಳಿದ್ದರೆ ಉಳಿದ ಟೇಬಲ್‌ಗಳಿಗೆ ಸೋತ ಮಕ್ಕಳನ್ನು ಕೂರಿಸುವುದು ರೂಢಿಯಾಗಿಬಿಟ್ಟಿದೆ. ಸೋತು ಕಣ್ಣಲ್ಲಿ ನೀರು ತುಂಬಿಕೊಂಡ ಮಗುವಿಗೆ ಮುಂದಿನ ಪಂದ್ಯ ನೋಡಿಕೊಳ್ಳೆಂದು ಹೇಳುವುದೇ ಸರಿಯಲ್ಲ.

ಆದರೂ ಇರುವ ವ್ಯವಸ್ಥೆಯಲ್ಲಿ ಮಕ್ಕಳು ಏನು ಮಾಡಬಹುದೆಂದು ಹೇಳುತ್ತೇನೆ. ಸರ್ವ್ ಸರಿಯಾಗಿದೆಯೆಂದು ಅಂಪೈರ್‌ಗೆ ಮನವರಿಕೆಯಾಗುವಂತೆ ಸರ್ವ್ ಮಾಡುವುದು ಆಟಗಾರರದೇ ಹೊಣೆ ಎಂದು ನಿಯಮ ಹೇಳುತ್ತದೆ. ಸಂಶಯ ಬಂದರೆ ಅಂಪೈರ್ ಪಂದ್ಯದಲ್ಲಿ ಮೊದಲ ಸಲ ಅಂಕ ಕೊಡದೆ ಎಚ್ಚರಿಕೆ ಕೊಡಬಹುದು. ಆಮೇಲೂ ಸರಿಯೆಂದು ಸ್ಪಷ್ಟವಾಗದ ಸರ್ವ್ ಬಂದರೆ ಅಂಕ ಎದುರಾಳಿಗೆ. ಕಣ್ಣಿಗೆ ಹೊಡೆಯುವಂಥ ತಪ್ಪಾದರೆ ಎಚ್ಚರಿಕೆಯೂ ಬೇಕಿಲ್ಲ, ಅಂಕ ನೇರವಾಗಿ ಎದುರಾಳಿಗೆ ಹೋಗುತ್ತದೆ. ದೈಹಿಕ ಅಸಾಮರ್ಥ್ಯದಿಂದ ನಿಯಮ ಪಾಲಿಸಲಾಗದವರಿಗೆ ಮಾತ್ರ ಅಂಪೈರ್ ಸಡಿಲಿಕೆ ಕೊಡಬಹುದು. ಹೀಗಿರುವಾಗ ನಮ್ಮ ಮಕ್ಕಳು ಮಾಡುವ ತಪ್ಪೆಂದರೆ, ಚೆಂಡು ಕಾಣದಿದ್ದರೂ ಸುಮ್ಮನೆ ಆಡಿ, ಸೋತ ಮೇಲೆ ಅಳುವುದು. ಎರಡು ಅಂಕಗಳ ನಡುವೆ ಕೈ ಎತ್ತಿ, "ಸರ್ವ್ ಕಾಣುತ್ತಿಲ್ಲ, ದಯವಿಟ್ಟು ನೋಡಿ" ಎಂದು ವಿನಯದಿಂದ ಹೇಳುವುದನ್ನು ಅಭ್ಯಾಸದಲ್ಲೇ ಕಲಿಸಿರಿ. ಕುರ್ಚಿಯಲ್ಲಿರುವ ಮಗುವಿಗೆ ನಿರ್ಧರಿಸಲಾಗದಿದ್ದರೆ ಇಡೀ ಪಂದ್ಯಾವಳಿಯ ಹೊಣೆ ಹೊತ್ತ ರೆಫರಿಯನ್ನು ಕರೆಯಿರಿ ಎಂದು ಕೇಳುವುದರಲ್ಲಿ ಯಾವ ಅಗೌರವವೂ ಇಲ್ಲ. ಹೆಣ್ಣುಮಕ್ಕಳು ಇದಕ್ಕೆ ಬಹಳ ಹಿಂಜರಿಯುತ್ತಾರೆ. "ಎದುರು ಮಾತಾಡಬಾರದು" ಎಂದು ಮನೆಯಲ್ಲಿ ಕಲಿತದ್ದು ಇಲ್ಲಿ ಅವರಿಗೆ ಅಡ್ಡ ಬರುತ್ತದೆ.

ಬ್ಯಾಟಿನ ವಿಷಯವೂ ಹೀಗೆಯೇ. ಪಂದ್ಯಕ್ಕೆ ಮೊದಲು, ನಡುವೆ ಬ್ಯಾಟು ಬದಲಿಸಿದರೆ ಆಗಲೂ, ಅದನ್ನು ಎದುರಾಳಿಗೆ ಮತ್ತು ಅಂಪೈರ್‌ಗೆ ತೋರಿಸಿ ಪರೀಕ್ಷಿಸಲು ಬಿಡಬೇಕು. ಇದು ನಿಯಮ. ಮೊನ್ನೆ ಒಬ್ಬ ಹುಡುಗ ಮೊದಲ ಗೇಮ್ ಪೂರ್ತಿ ಸೋತ ಮೇಲೆ, ಎದುರಾಳಿಯ ಕಪ್ಪು ಬದಿ ಲಾಂಗ್ ಪಿಂಪಲ್ಸ್ (ಉದ್ದನೆಯ ಮೊನೆಗಳು ಹೊರಗೆ ಕಾಣುವ ರಬ್ಬರ್) ಎಂದು ತಿಳಿದುಕೊಂಡ. ಲಾಂಗ್ ಪಿಂಪಲ್ಸ್ ನಿಯಮಬದ್ಧವಾದದ್ದು, ಅದನ್ನು ಬಳಸಿದವನದು ಏನೂ ತಪ್ಪಿಲ್ಲ. ನಾವು ಕೊಟ್ಟ ತಿರುಗುವಿಕೆ ಅದರಿಂದ ಉಲ್ಟಾ ಆಗಿ ಮರಳುತ್ತದೆಂದು ಈ ಹುಡುಗನಿಗೆ ಯಾರೂ ಹೇಳಿರಲಿಲ್ಲ, ಬ್ಯಾಟನ್ನು ಕೇಳಿ ನೋಡುವ ಹಕ್ಕಿದೆಯೆಂದೂ ಹೇಳಿರಲಿಲ್ಲ.


ದೈಹಿಕ ಶಿಕ್ಷಣ ಶಿಕ್ಷಕ, ಇಂಡಿ ತಾಲ್ಲೂಕು

ಗುರುಗಳೆಲ್ಲರಿಗೂ ನಮಸ್ಕಾರ. ಸರ್ವ್ ಬಗ್ಗೆ ಹೇಳಿದ್ದೆಲ್ಲ ಒಪ್ಪುವಂಥದ್ದು. ಆದರೆ ನ್ಯಾಯದ ಮಾತು ಸರ್ವ್‌ನಿಂದಲೇ ಆರಂಭವಾಗುತ್ತದೆ ಎಂಬುದನ್ನು ನಾನು ಒಪ್ಪಲಾರೆ. ನನ್ನ ಶಾಲೆಯಲ್ಲಿ ಇರುವುದು ಒಂದೇ ಟೇಬಲ್, ಅದೂ ನಡುವೆ ಸ್ವಲ್ಪ ತಗ್ಗಿದೆ. ಬ್ಯಾಟುಗಳ ರಬ್ಬರ್ ಎಷ್ಟು ಹಳೆಯದೆಂದರೆ, ಚೆಂಡನ್ನು ಅದರ ಮೇಲೆ ಉಜ್ಜಿದರೆ ಜಾರಿಹೋಗುತ್ತದೆ, ಹಿಡಿಯುವುದೇ ಇಲ್ಲ. ಇಂಥ ಬ್ಯಾಟಿನಲ್ಲಿ ಕಲಿತ ಮಗು ತಿರುಗುವಿಕೆ ಎಂದರೇನೆಂದು ಮೊದಲ ಸಲ ತಿಳಿಯುವುದು ಜಿಲ್ಲಾ ಪಂದ್ಯದಲ್ಲಿ, ಎದುರಾಳಿಯ ಚೆಂಡು ತನ್ನ ಬ್ಯಾಟಿಗೆ ತಾಗಿ ಪಕ್ಕದ ಟೇಬಲ್ಲಿಗೆ ಹಾರಿದಾಗ. ನಿಯಮ ಇಬ್ಬರಿಗೂ ಒಂದೇ, ಟೇಬಲ್ ಇಬ್ಬರಿಗೂ 2.74 ಮೀಟರ್ ಉದ್ದದ್ದೇ. ಆದರೂ ಆ ಪಂದ್ಯ ಸಮವಾದದ್ದಲ್ಲ.

ವಯಸ್ಸಿನ ವಿಷಯದಲ್ಲೂ ಒಂದು ಮಾತು ಹೇಳಬೇಕು. ನಮ್ಮ ಭಾಗದಲ್ಲಿ ಹಿರಿಯರ ದಾಖಲೆ ತೆರೆದು ನೋಡಿದರೆ ಎಷ್ಟೋ ಜನರ ಜನ್ಮದಿನ ಜೂನ್ 1. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಬರೆದುಕೊಂಡ ತಾರೀಖು ಅದು. ಯಾರೂ ಮೋಸ ಮಾಡಬೇಕೆಂದು ಬರೆಸಿದ್ದಲ್ಲ. ಈಗಿನ ಮಕ್ಕಳಿಗೆ ಜನನ ಪ್ರಮಾಣಪತ್ರ ಇರುತ್ತದೆ. ಹಾಗಿದ್ದೂ ವಯಸ್ಸು ಕಡಿಮೆ ತೋರಿಸಿ ಆಡಿಸುವ ಕೆಲಸ ನಿಂತಿಲ್ಲವೆಂದೇ ಕೇಂದ್ರ ಸರ್ಕಾರ 2010ರಲ್ಲಿ ಕ್ರೀಡೆಯಲ್ಲಿನ ವಯೋವಂಚನೆ ವಿರುದ್ಧ ರಾಷ್ಟ್ರೀಯ ಸಂಹಿತೆಯನ್ನು ತಂದಿತು. ಸಂಶಯ ಬಂದಾಗ ಕೈಯ ಮೂಳೆಯ ಎಕ್ಸ್‌ರೇ ತೆಗೆಯುತ್ತಾರೆ, ಆದರೆ ಅದರಿಂದ ಸಿಗುವುದು ಅಂದಾಜು ವಯಸ್ಸೇ ಹೊರತು ಹುಟ್ಟಿದ ದಿನವಲ್ಲ. ಹಾಗಾಗಿ ಎತ್ತರದ ಮಗುವನ್ನು ಕಂಡ ಕೂಡಲೇ "ಇದರ ವಯಸ್ಸು ಸುಳ್ಳು" ಎಂದು ಗ್ಯಾಲರಿಯಲ್ಲಿ ಕುಳಿತು ಆಡಿಕೊಳ್ಳುವುದನ್ನು ಪೋಷಕರು ಬಿಡಬೇಕು. ಆ ಮಾತು ಮಗುವಿನ ಕಿವಿಗೆ ಬಿದ್ದದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಸಂಶಯವಿದ್ದರೆ ಬರವಣಿಗೆಯಲ್ಲಿ ದೂರು ಕೊಡಬೇಕು.

ಕೊನೆಗೆ ಬೆಳಗಾವಿಯ ಸರ್‌ಗೆ ಒಂದು ಪ್ರಶ್ನೆ. ನಿಮ್ಮ ಎರಡು ಟೇಬಲ್‌ಗಳಲ್ಲಿ ಒಳ್ಳೆಯ ಟೇಬಲ್ ಯಾರಿಗೆ ಸಿಗುತ್ತದೆ, ಎಷ್ಟು ಹೊತ್ತು ಸಿಗುತ್ತದೆ?


ಹಳೆಯ ಆಟಗಾರ, ವಿಜಯಪುರ

ಶಿಕ್ಷಕರು ಎತ್ತಿದ ಪ್ರಶ್ನೆಗೆ ಇನ್ನೊಂದನ್ನು ಸೇರಿಸುತ್ತೇನೆ. ಜಿಲ್ಲಾ ಮಟ್ಟದಲ್ಲಿ ಒಬ್ಬರೇ ಒಂದು ಕ್ಲಬ್ಬಿನ ಕೋಚ್ ಆಗಿ, ಅದೇ ಪಂದ್ಯಾವಳಿಯ ರೆಫರಿಯಾಗಿ, ತಂಡದ ಆಯ್ಕೆಯಲ್ಲೂ ಕುಳಿತಿರುತ್ತಾರೆ. ಅವರು ಎಷ್ಟೇ ಪ್ರಾಮಾಣಿಕರಿರಲಿ, ಸೋತ ಮಗುವಿನ ಮನೆಯವರಿಗೆ ನಂಬಿಕೆ ಬರುವುದಿಲ್ಲ. ಇದು ಸಣ್ಣ ಊರಿನ ರೋಗವೆಂದು ತಿಳಿಯಬೇಡಿ. 2021ರಲ್ಲಿ ಭಾರತದ ಆಟಗಾರ್ತಿ ಮಣಿಕಾ ಬಾತ್ರಾ, ಒಲಿಂಪಿಕ್ಸ್ ಅರ್ಹತಾ ಸುತ್ತಿನ ಪಂದ್ಯವೊಂದನ್ನು ಸೋಲುವಂತೆ ರಾಷ್ಟ್ರೀಯ ಕೋಚ್ ತಮ್ಮ ಮೇಲೆ ಒತ್ತಡ ತಂದರು, ಎದುರಾಳಿ ಆ ಕೋಚ್‌ನ ಖಾಸಗಿ ಶಿಷ್ಯೆಯಾಗಿದ್ದರು ಎಂದು ಆರೋಪಿಸಿ ದೆಹಲಿ ಹೈಕೋರ್ಟ್‌ಗೆ ಹೋದರು. 2022ರ ಫೆಬ್ರವರಿಯಲ್ಲಿ ನ್ಯಾಯಾಲಯ ರಾಷ್ಟ್ರೀಯ ಫೆಡರೇಷನ್ನಿನ ಕಾರ್ಯಕಾರಿ ಸಮಿತಿಯನ್ನು ಅಮಾನತಿನಲ್ಲಿಟ್ಟು ಆಡಳಿತಾಧಿಕಾರಿಗಳ ಸಮಿತಿಯನ್ನು ನೇಮಿಸಿತು. ಅದೇ ವರ್ಷ ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಲ್ಲಿ ಮೊದಲಿದ್ದ ನಮ್ಮ ರಾಜ್ಯದ ಅರ್ಚನಾ ಕಾಮತ್ ಅವರ ಹೆಸರು ಆಮೇಲೆ ಹೋಯಿತು. ಎರಡು ವರ್ಷದ ನಂತರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅವರನ್ನು ಆರಿಸಿದಾಗಲೂ ಚರ್ಚೆಯಾಯಿತು. ಜರ್ಮನಿ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ 1–3ರಿಂದ ಸೋತಾಗ ಗೆದ್ದ ಆ ಒಂದು ಪಂದ್ಯ ಅವರದೇ. ಯಾವ ಆಧಾರದ ಮೇಲೆ ಆರಿಸುತ್ತೇವೆಂಬುದನ್ನು ಮೊದಲೇ ಬರೆದು ಗೋಡೆಗೆ ಹಚ್ಚಿದರೆ ಹದಿಮೂರರ ಮಗುವಿಗೂ ಅರ್ಥವಾಗುತ್ತದೆ.


ತರಬೇತುದಾರ, ಟಿಳಕವಾಡಿ, ಬೆಳಗಾವಿ

ಇಂಡಿಯ ಶಿಕ್ಷಕರ ಪ್ರಶ್ನೆಗೆ ಮೂರು ದಿನ ಉತ್ತರಿಸಲಾಗಲಿಲ್ಲ, ಏಕೆಂದರೆ ನಾನು ಹಾಜರಿ ಪುಸ್ತಕ ತೆರೆದು ನೋಡಬೇಕಾಯಿತು. ಬಾಗಿಲ ಪಕ್ಕದ ಟೇಬಲ್ಲಿಗೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಬೆಳಗಾವಿಯ ಮಳೆ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಚೆಂಡು ರಬ್ಬರಿನ ಮೇಲೆ ನಿಲ್ಲದೆ ಜಾರುತ್ತದೆ, ಮಗು ತನ್ನದೇ ತಪ್ಪೆಂದುಕೊಂಡು ಬೀಸನ್ನು ಕೆಡಿಸಿಕೊಳ್ಳುತ್ತದೆ. ಒಳಗಿನ ಒಣ ಟೇಬಲ್ಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಾಗಿ ಆಡಿದವರು ಪದಕ ತರಬಲ್ಲರೆಂದು ನಾನು ಅಂದುಕೊಂಡ ಐದು ಮಕ್ಕಳು. ಉಳಿದ ಹನ್ನೊಂದು ಮಕ್ಕಳ ಪೋಷಕರೂ ಅದೇ ಶುಲ್ಕ ಕೊಡುತ್ತಾರೆ. ಇದು ನನ್ನ ತಪ್ಪು. ಈ ವಾರದಿಂದ ಪ್ರತಿ ಇಪ್ಪತ್ತು ನಿಮಿಷಕ್ಕೆ ಟೇಬಲ್ ಬದಲಾಗುತ್ತದೆ, ಪಟ್ಟಿಯನ್ನು ಮಕ್ಕಳೇ ಬರೆದು ಗೋಡೆಗೆ ಹಚ್ಚಿದ್ದಾರೆ.

ಮರೆಮಾಡುವ ಸರ್ವ್ ಕಲಿಸುವುದಿಲ್ಲವೆಂದು ತೀರ್ಮಾನಿಸಿ, ಆ ತಂದೆಯ ಮನೆಗೆ ಹೋಗಿ ಹೇಳಿ ಬಂದೆ. ಅವರಿಗೆ ಪೂರ್ತಿ ಸಮಾಧಾನವಾಗಿಲ್ಲ, ಆದರೆ ಮಗಳನ್ನು ಬಿಡಿಸಿಲ್ಲ. ಅಂಪೈರ್ ಅವರು ಹೇಳಿದಂತೆ ಈಗ ದಿನದ ಕೊನೆಯ ಅರ್ಧ ಗಂಟೆ ಸರ್ವ್ ಅಭ್ಯಾಸಕ್ಕೇ ಮೀಸಲು. ಒಂದು ಮಗು ಸರ್ವ್ ಮಾಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ, ಮೂರನೆಯದು ನೆಟ್ ಪಕ್ಕದ ಕುರ್ಚಿಯಲ್ಲಿ ಕುಳಿತು ಎಡಗೈ ಎಲ್ಲಿದೆ ಎಂಬುದನ್ನು ಮಾತ್ರ ನೋಡುತ್ತದೆ. ಮೊದಲ ದಿನವೇ ತಿಳಿದ ಸಂಗತಿ ನನಗೆ ನಾಚಿಕೆ ತಂದಿತು: ನನ್ನ ಮಕ್ಕಳಲ್ಲೇ ನಾಲ್ವರು, ತಿಳಿಯದೆಯೇ, ಕೈಯನ್ನು ತಡವಾಗಿ ತೆಗೆಯುತ್ತಿದ್ದರು. ಸೋತ ಆ ಹುಡುಗಿಯೂ ಅವರಲ್ಲೊಬ್ಬಳು.

ಚೆಂಡು ಅಂಚಿಗೆ ತಾಗಿದರೆ ತಾಗಿತೆಂದು ತಾವೇ ಹೇಳಬೇಕೆಂಬ ಪದ್ಧತಿಯನ್ನೂ ಇಟ್ಟಿದ್ದೇವೆ. ಮೇಲಂಚಿಗೆ ತಾಗಿದರೆ ಒಳಗೆ, ಪಕ್ಕದ ದಪ್ಪಕ್ಕೆ ತಾಗಿದರೆ ಹೊರಗೆ. ಎರಡರ ವ್ಯತ್ಯಾಸ ಅತಿ ಹತ್ತಿರದಲ್ಲಿ ನಿಂತ ಆಟಗಾರರಿಗೇ ಮೊದಲು ತಿಳಿಯುತ್ತದೆ. ಮೊನ್ನೆ ಹತ್ತು ವರ್ಷದ ಹುಡುಗ 10–10ರಲ್ಲಿ, ಯಾರೂ ಕಂಡಿರದಿದ್ದರೂ, "ಅಂಚಿಗೆ ಬಡದೈತ್ರೀ, ಅವನ ಪಾಯಿಂಟ್" ಎಂದು ಕೈ ಎತ್ತಿದ. ನಾನು ಎಲ್ಲ ಆಟ ನಿಲ್ಲಿಸಿ ಅವನಿಗೆ ಕೈಕುಲುಕಿದೆ.


ಪೋಷಕಿ, ನವನಗರ, ಬಾಗಲಕೋಟೆ

ಸರ್, ನಮ್ಮಲ್ಲೂ ಮೂರನೆಯ ಮಗುವನ್ನು ಕೂರಿಸುವ ಪದ್ಧತಿ ಆರಂಭಿಸೋಣವೆಂದು ನಮ್ಮ ಕೋಚ್ ಒಪ್ಪಿದ್ದಾರೆ. ಕೈ ಎಲ್ಲಿದೆ ಎಂಬುದು ಮಕ್ಕಳಿಗೆ ಕಾಣುತ್ತದೆ, ಆದರೆ ಚೆಂಡು 16 ಸೆಂಟಿಮೀಟರ್ ಎದ್ದಿತೋ ಇಲ್ಲವೋ ಎಂಬುದನ್ನು ಅವರು ಹೇಗೆ ಅಳೆಯಬೇಕು?


ಅಂಪೈರ್, ಬೆಳಗಾವಿ

ಮೇಡಂ, ನೆಟ್ಟನ್ನೇ ಅಳತೆಯಾಗಿ ಇಟ್ಟುಕೊಳ್ಳಲಿ. ನೆಟ್ಟಿನ ಎತ್ತರ 15.25 ಸೆಂಟಿಮೀಟರ್. ಚೆಂಡು ಅಂಗೈ ಬಿಟ್ಟ ಜಾಗದಿಂದ ನೆಟ್ಟಿನಷ್ಟು ಎತ್ತರ ದಾಟಿ ತುಸು ಮೇಲೆ ಹೋಗಿರಬೇಕು. ಕುರ್ಚಿಯಲ್ಲಿ ಕುಳಿತ ಮಗುವಿನ ಕಣ್ಣ ಮುಂದೆಯೇ ನೆಟ್ ಇರುವುದರಿಂದ ಹೋಲಿಸಿ ನೋಡುವುದು ಸುಲಭ. ಒಂದು ಮಾತು ಮಾತ್ರ ಮಕ್ಕಳಿಗೆ ಹೇಳಿರಿ: ಎಣಿಕೆ ಆರಂಭವಾಗುವುದು ಚೆಂಡು ಕೈಬಿಟ್ಟ ಜಾಗದಿಂದ, ಟೇಬಲ್ಲಿನಿಂದಲ್ಲ. ಕೈಯನ್ನು ಭುಜದವರೆಗೆ ಎತ್ತಿ ಅಲ್ಲಿಂದ ನಾಲ್ಕು ಬೆರಳಷ್ಟು ಎಸೆದರೆ ಅದು ಸರಿಯಾದ ಎಸೆತವಲ್ಲ.